ಹೊಸ ಖರೀದಿ ಪದ್ಧತಿಯೂ ದುಡಿಯುವ ನಾವೂ

(ದೆಹಲಿಯ ದ್ವಾರಕೆಯಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



  ಇಂದು ನಾನು ಮಾತಾಡಬೇಕಾಗಿರುವುದು ಡಿಜಿಟಲ್ ಖರೀದಿ ಎಂಬ ವಿಷಯವನ್ನು ಕುರಿತು. ಹೆಸರು ಕೇಳಿದೊಡನೆ, ಇದು ಧಣಿಗಳ ಮತ್ತು ಅಧಿಕಾರಿಗಳ ವಿಚಾರ, ಪಾತ್ರೆ ತೊಳೆಯುವ, ಮಗ್ಗದ ಮುಂದೆ ನಿಲ್ಲುವ ನಮಗೇನು ಸಂಬಂಧ ಎಂದು ಅನ್ನಿಸಬಹುದು. ಸಂಬಂಧವಿದೆ. ಆ ಯಂತ್ರದ ಮೂಲಕ ಸರಕಾರ ಈಗ ಮೇಜು ಕುರ್ಚಿಗಳನ್ನು ಮಾತ್ರ ಕೊಳ್ಳುತ್ತಿಲ್ಲ. ನಮ್ಮ ದುಡಿಮೆಯನ್ನೂ ಕೊಳ್ಳುತ್ತಿದೆ. ಇದನ್ನು ಮನದಟ್ಟು ಮಾಡಿಕೊಡುವುದೇ ನನ್ನ ಈ ನಾಲ್ಕು ಮಾತುಗಳ ಉದ್ದೇಶ.

ಈ ಊರಿನ ಹೆಸರು ದ್ವಾರಕೆ. ಕುಚೇಲನ ಕಥೆ ನಮಗೆಲ್ಲ ಗೊತ್ತೇ ಇದೆ. ಹರಕು ಬಟ್ಟೆಯಲ್ಲಿ ಹಿಡಿ ಅವಲಕ್ಕಿ ಕಟ್ಟಿಕೊಂಡು ಅವನು ದ್ವಾರಕೆಯ ಬಾಗಿಲಿಗೆ ಬಂದ. ಒಳಗಿದ್ದವನು ಗುರುತು ಹಿಡಿದ. ಬಡವನ ಬದುಕು ಹಸನಾಯಿತು. ಇಂದಿನ ದ್ವಾರಕೆಯ ಬಾಗಿಲಲ್ಲಿ ಮುಖ ನೋಡಿ ಗುರುತು ಹಿಡಿಯುವವರಿಲ್ಲ. ಪಾನ್ ನಂಬರು ಯಾವುದು, ಆಧಾರ್‌ಗೆ ಜೋಡಿಸಿದ ಫೋನು ಯಾವುದು, ಬ್ಯಾಂಕಿನಲ್ಲಿ ಹೆಸರು ಹೇಗಿದೆ ಎಂದು ಯಂತ್ರ ಕೇಳುತ್ತದೆ. ಈ ಬಾಗಿಲು ನೆಂಟನೆಂದು ಒಳಗೆ ಬಿಡುವುದಿಲ್ಲ, ಬಡವನೆಂದು ಹೊರಗೆ ದಬ್ಬುವುದೂ ಇಲ್ಲ. ಆದರೆ ಕಾಗದ ಸರಿಯಿಲ್ಲದವನಿಗೆ ಅದು ತೆರೆಯುವುದೇ ಇಲ್ಲ. ಈ ಪದ್ಧತಿಯ ಗುಣವೂ ದೋಷವೂ ಇಷ್ಟರಲ್ಲಿಯೇ ಅಡಗಿವೆ.

ಹಳೆಯ ಪದ್ಧತಿ, ಹೊಸ ಪದ್ಧತಿ

ಹಿಂದೆ ಸರಕಾರಕ್ಕೆ ಏನಾದರೂ ಬೇಕಾದರೆ ಪತ್ರಿಕೆಯಲ್ಲಿ ಟೆಂಡರು ಪ್ರಕಟಣೆ ಬರುತ್ತಿತ್ತು. ಕಚೇರಿಗೆ ಹೋಗಿ ಅರ್ಜಿ ತರಬೇಕು, ಠೇವಣಿ ಕಟ್ಟಬೇಕು, ಅರಗು ಹಾಕಿದ ಲಕೋಟೆಯನ್ನು ಪೆಟ್ಟಿಗೆಯೊಳಗೆ ಹಾಕಬೇಕು. ಯಾರಿಗೆ ಅರ್ಜಿ ಸಿಕ್ಕಿತು, ಯಾರನ್ನು ಬಾಗಿಲಲ್ಲೇ ತಡೆದರು, ಯಾರ ಲಕೋಟೆ ಮೊದಲೇ ಒಡೆಯಿತು ಎಂಬ ಮಾತುಗಳು ಪ್ರತಿ ಊರಿನಲ್ಲೂ ಇದ್ದವು. ನಮ್ಮ ಕರ್ನಾಟಕ ಈ ವಿಷಯದಲ್ಲಿ ಮುಂದಾಗಿ ಹೆಜ್ಜೆಯಿಟ್ಟಿತೆಂದು ಹೇಳಲು ಹೆಮ್ಮೆಯೆನಿಸುತ್ತದೆ. 1999ರಲ್ಲಿಯೇ ಸರಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾನೂನನ್ನು ಮಾಡಿತು. 2007ರಲ್ಲಿ ಟೆಂಡರುಗಳನ್ನು ಕಂಪ್ಯೂಟರಿನ ಮೂಲಕ ಕರೆಯುವ ಪೋರ್ಟಲನ್ನು ಆರಂಭಿಸಿತು.

ಕೇಂದ್ರ ಸರಕಾರ 2016ರ ಆಗಸ್ಟಿನಲ್ಲಿ ‘ಜೆಮ್’ ಎಂಬ ಹೆಸರಿನ ಸರಕಾರಿ ಇ-ಮಾರುಕಟ್ಟೆಯನ್ನು ತೆರೆಯಿತು. ಅದುವರೆಗೆ ಕೇಂದ್ರದ ಕಚೇರಿಗಳಿಗೆ ಸಾಮಾನುಗಳ ದರ ಗೊತ್ತುಮಾಡುತ್ತಿದ್ದ ಸರಬರಾಜು ಮಹಾನಿರ್ದೇಶನಾಲಯವನ್ನು 2017ರಲ್ಲಿ ಮುಚ್ಚಿದರು. ಜೆಮ್‌ನಲ್ಲಿ ಮೊದಲ ವರ್ಷ ನಡೆದ ವ್ಯವಹಾರ ಸುಮಾರು 422 ಕೋಟಿ ರೂಪಾಯಿ. 2023-24ರ ಸಾಲಿನಲ್ಲಿ ಅದು 4 ಲಕ್ಷ ಕೋಟಿಯನ್ನು ದಾಟಿತು, 2024-25ರಲ್ಲಿ 5 ಲಕ್ಷ ಕೋಟಿಯನ್ನೂ ದಾಟಿತು. ಇದರಲ್ಲಿ ಸಾಮಾನಿನಷ್ಟೇ ದೊಡ್ಡ ಪಾಲು ಸೇವೆಗಳದು ಎಂಬುದನ್ನು ಗಮನಿಸಬೇಕು. ಸೇವೆ ಎಂದರೆ ಯಾವುದು? ಕಾವಲು, ಕಸಗುಡಿಸುವುದು, ಕ್ಯಾಂಟೀನು ನಡೆಸುವುದು, ಗಾಡಿ ಓಡಿಸುವುದು, ಕಚೇರಿಗೆ ಕೆಲಸಗಾರರನ್ನು ಒದಗಿಸುವುದು. ಅಂದರೆ ನಾವು.

ದ್ವಾರಕೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿ. ಒಂದು ಕಡೆ ವಿಮಾನ ನಿಲ್ದಾಣ. ಇನ್ನೊಂದು ಕಡೆ 25ನೆಯ ಸೆಕ್ಟರಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ತೆರೆದ ಯಶೋಭೂಮಿ ಸಮ್ಮೇಳನ ಭವನ. ನಡುವೆ ಆಸ್ಪತ್ರೆಗಳು, ಕಾಲೇಜುಗಳು, ಕಚೇರಿಗಳು, ಹೋಟೆಲುಗಳು. ಇವುಗಳಲ್ಲಿ ಊಟ ಬಡಿಸುವವರು, ನೆಲ ಒರಸುವವರು, ಗೇಟಿನಲ್ಲಿ ನಿಲ್ಲುವವರು ಬಹಳ ಮಂದಿ ಗುತ್ತಿಗೆಯ ಮೇಲೆ ಇರುವವರು. ಸರಕಾರಿ ಕಟ್ಟಡವಾದರೆ ಅವರ ಗುತ್ತಿಗೆ ಈಗ ಇಂಥ ಪೋರ್ಟಲಿನ ಮೇಲೆಯೇ ತೀರ್ಮಾನವಾಗುತ್ತದೆ.

ಇದರಿಂದ ಆದ ಒಳಿತು

ಒಳಿತನ್ನು ಒಳಿತೆಂದೇ ಹೇಳಬೇಕು. ಅರ್ಜಿ ಸಿಗಲಿಲ್ಲ ಎಂಬ ಮಾತು ತಪ್ಪಿತು. ಏನು ಬೇಕಾಗಿದೆ, ಯಾವ ಷರತ್ತಿನ ಮೇಲೆ ಬೇಕಾಗಿದೆ ಎಂಬುದನ್ನು ಮನೆಯಲ್ಲಿ ಕುಳಿತು ಓದಬಹುದು. 2012ರ ಆಜ್ಞೆಯೊಂದರ ಪ್ರಕಾರ ಕೇಂದ್ರದ ಇಲಾಖೆಗಳು ತಮ್ಮ ಖರೀದಿಯ ಒಂದು ಭಾಗವನ್ನು ಸಣ್ಣ ಉದ್ಯಮಿಗಳಿಂದಲೇ ಮಾಡತಕ್ಕದ್ದು. 2018ರಲ್ಲಿ ಈ ಪಾಲನ್ನು ಶೇಕಡಾ 20ರಿಂದ 25ಕ್ಕೆ ಏರಿಸಿದರು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡಗಳವರ ಉದ್ಯಮಗಳಿಗೆ ಶೇಕಡಾ 4, ಮಹಿಳೆಯರ ಉದ್ಯಮಗಳಿಗೆ ಶೇಕಡಾ 3 ಮೀಸಲು. ಸಣ್ಣ ಉದ್ಯಮಿಯಾಗಿ ಹೆಸರು ನೋಂದಾಯಿಸುವ ‘ಉದ್ಯಮ್’ ನೋಂದಣಿ 2020ರ ಜುಲೈಯಲ್ಲಿ ಆರಂಭವಾಯಿತು. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಹತ್ತು ಜನಕ್ಕೆ ಡಬ್ಬದ ಊಟ ಕಳಿಸುವ ತಾಯಿಯೂ, ಸಣ್ಣದಾಗಿ ಅಡುಗೆ ಕಂಟ್ರಾಕ್ಟು ಹಿಡಿಯುವ ಭಟ್ಟರೂ ಹೆಸರು ಬರೆಸಬಹುದು.

ಊರಿನ ಕಡೆಯ ಅನುಭವವನ್ನೂ ನೋಡೋಣ. ನಮ್ಮಲ್ಲಿ ಅನೇಕರ ಅಣ್ಣತಮ್ಮಂದಿರು ಬೇಸಾಯಗಾರರಷ್ಟೆ. 2014ರಲ್ಲಿ ಕರ್ನಾಟಕ ತನ್ನ ಕೃಷಿ ಮಾರುಕಟ್ಟೆಗಳನ್ನು ಒಂದೇ ಆನ್‌ಲೈನ್ ಹರಾಜಿಗೆ ಜೋಡಿಸಲು ತೊಡಗಿತು. 2016ರಲ್ಲಿ ಬಂದ ಅಖಿಲ ಭಾರತದ ಇ-ನಾಮ್ ಯೋಜನೆಗಿಂತ ಎರಡು ವರ್ಷ ಮೊದಲೇ ಆದ ಕೆಲಸ ಇದು. ರೈತ ತಂದ ರಾಶಿಗೆ ನಂಬರು ಬೀಳುತ್ತದೆ, ವರ್ತಕರು ಕಂಪ್ಯೂಟರಿನಲ್ಲಿ ಬೆಲೆ ಹಾಕುತ್ತಾರೆ, ಒಬ್ಬನ ಬೆಲೆ ಇನ್ನೊಬ್ಬನಿಗೆ ಕಾಣುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದ ಕಾಲವನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಬದಲಾವಣೆಯೆಂದು ತಿಳಿದೀತು. ಫಲವೇನು? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭತ್ತದ ಬೆಲೆ ಶೇಕಡಾ 5.1, ಶೇಂಗಾ ಶೇಕಡಾ 3.6, ಮೆಕ್ಕೆಜೋಳ ಶೇಕಡಾ 3.5ರಷ್ಟು ಏರಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಮಾತ್ರ ಅಂಥ ಸ್ಪಷ್ಟವಾದ ಏರಿಕೆ ಕಾಣಲಿಲ್ಲ. ಪದ್ಧತಿ ಒಂದೇ, ಫಲ ಬೇರೆ ಬೇರೆ. ಯಂತ್ರ ತಂದು ನಿಲ್ಲಿಸಿದೊಡನೆ ಎಲ್ಲರಿಗೂ ನ್ಯಾಯ ದೊರೆತೀತೆಂದು ನಂಬಿ ಕೂಡಬಾರದು ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಕಷ್ಟಗಳು ಎಲ್ಲಿವೆ

ಮೊದಲನೆಯ ಕಷ್ಟ ಹೆಸರಿನದು. ಊರಿನ ಶಾಲೆಯಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರಿನಲ್ಲಿ ತಂದೆಯ ಹೆಸರು ಮೊದಲು, ಬ್ಯಾಂಕಿನಲ್ಲಿ ಮನೆತನದ ಹೆಸರು ಕೊನೆಗೆ. ಮನುಷ್ಯನಿಗೆ ಇದು ಒಂದೇ ಎಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ. ಎರಡನೆಯದು ಭಾಷೆಯದು. ಟೆಂಡರಿನ ಷರತ್ತುಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ, ಹತ್ತಾರು ಪುಟ ಇರುತ್ತವೆ. ಮೂರನೆಯದು, ದಲ್ಲಾಳಿ ಹೋದನೆಂದು ಹೇಳಿದರೂ ಅವನು ವೇಷ ಬದಲಿಸಿ ಬಂದಿದ್ದಾನೆ. ಉದ್ಯಮ್ ನೋಂದಣಿಗೂ ಜೆಮ್ ನೋಂದಣಿಗೂ ಶುಲ್ಕವಿಲ್ಲದಿದ್ದರೂ ಸರಕಾರಿ ಹೆಸರನ್ನೇ ಹೋಲುವ ಖೋಟಾ ತಾಣಗಳನ್ನು ತೆರೆದು ಸಾವಿರಗಟ್ಟಲೆ ವಸೂಲು ಮಾಡುವವರಿದ್ದಾರೆ. ಫೋನಿಗೆ ಬರುವ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬೇಡಿರಿ. ಹಿಂದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರಿದ್ದರು. ಈ ಸಂಖ್ಯೆಯೂ ಹೆಬ್ಬೆಟ್ಟಿನಂತೆಯೇ.

ನಾಲ್ಕನೆಯದು ಹಣ ಕೈಸೇರುವ ವಿಷಯ. ಮಾಲು ಕೊಟ್ಟಾಯಿತು, ಊಟ ಬಡಿಸಿಯಾಯಿತು, ಬಿಲ್ಲು ಮಾತ್ರ ಕಪಾಟಿನಲ್ಲಿ. ದೊಡ್ಡ ವ್ಯಾಪಾರಿ ತಡೆದುಕೊಳ್ಳುತ್ತಾನೆ, ಸಣ್ಣವನು ಮುಳುಗುತ್ತಾನೆ. ಇದಕ್ಕೆ 2006ರ ಸಣ್ಣ ಉದ್ಯಮಗಳ ಕಾನೂನಿನಲ್ಲಿ ಮದ್ದಿದೆ. ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡತಕ್ಕದ್ದು. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರುಪಟ್ಟು ಚಕ್ರಬಡ್ಡಿ ಸೇರಿಸಿ ಕೊಡತಕ್ಕದ್ದು. ದೂರು ಕೊಡಲು 2017ರಲ್ಲಿ ‘ಸಮಾಧಾನ್’ ಎಂಬ ಪೋರ್ಟಲನ್ನೂ ತೆರೆದರು. ಆದರೆ ಹೆಸರು ನೋಂದಾಯಿಸಿದವನಿಗೆ ಮಾತ್ರ ಈ ಮದ್ದು ದಕ್ಕುತ್ತದೆ. ಆದುದರಿಂದ ಮೊದಲು ನೋಂದಣಿ, ಆಮೇಲೆ ವ್ಯಾಪಾರ.

ಶೂನ್ಯ ಸೇವಾ ಶುಲ್ಕದ ಮರ್ಮ

ಇನ್ನು ಎಲ್ಲಕ್ಕಿಂತ ದೊಡ್ಡ ಕಷ್ಟಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು.

ಯಂತ್ರಕ್ಕೆ ಗೊತ್ತಿರುವ ನ್ಯಾಯ ಒಂದೇ: ಯಾರ ದರ ಕಡಿಮೆಯೋ ಅವನಿಗೆ ಕೆಲಸ. ಸಾಬೂನಿನ ವಿಷಯದಲ್ಲಿ ಇದು ಸರಿಯಾದೀತು. ಮನುಷ್ಯನ ದುಡಿಮೆಯ ವಿಷಯದಲ್ಲಿ? ಕೆಲಸಗಾರರನ್ನು ಒದಗಿಸುವ ಗುತ್ತಿಗೆಯಲ್ಲಿ ಕನಿಷ್ಠ ವೇತನ, ಪಿ.ಎಫ್., ಇ.ಎಸ್.ಐ.ಗಳನ್ನು ಯಾರೂ ಕಡಿಮೆ ಮಾಡುವಂತಿಲ್ಲ. ಉಳಿದದ್ದು ಗುತ್ತಿಗೆದಾರನ ಸೇವಾ ಶುಲ್ಕ. ಪೈಪೋಟಿಯೆಲ್ಲ ಅದರ ಮೇಲೆ. ಪೈಪೋಟಿ ಏರಿ ಏರಿ ಗುತ್ತಿಗೆದಾರರು ಸೇವಾ ಶುಲ್ಕವನ್ನು ಹೆಚ್ಚುಕಡಿಮೆ ಶೂನ್ಯಕ್ಕೇ ಇಳಿಸತೊಡಗಿದರು. ಕೊನೆಗೆ 2023ರಲ್ಲಿ ಕೇಂದ್ರ ಹಣಕಾಸು ಸಚಿವಾಲಯವೇ ಮಧ್ಯೆ ಬಂದು, ಇಂಥ ಗುತ್ತಿಗೆಗಳಲ್ಲಿ ಸೇವಾ ಶುಲ್ಕ ಶೇಕಡಾ 3.85ಕ್ಕಿಂತ ಕಡಿಮೆಯಿರಬಾರದೆಂದು ಗೊತ್ತುಮಾಡಬೇಕಾಯಿತು.

ಒಂದು ಲೆಕ್ಕ ಹಾಕೋಣ. 2025ರ ಏಪ್ರಿಲ್ ಒಂದರಿಂದ ದೆಹಲಿಯಲ್ಲಿ ಕುಶಲರಲ್ಲದ ಕೆಲಸಗಾರರಿಗೆ ಗೊತ್ತಾದ ಕನಿಷ್ಠ ವೇತನ ತಿಂಗಳಿಗೆ 18,456 ರೂಪಾಯಿ. ಪಿ.ಎಫ್.ಗೆ 15,000ದ ಮಿತಿಯ ಮೇಲೆ ಮಾಲೀಕನ ಶೇಕಡಾ 13ರ ಪಾಲು 1,950. ಇ.ಎಸ್.ಐ.ಗೆ ಶೇಕಡಾ 3.25ರಂತೆ ಸುಮಾರು 600. ಕೂಡಿದರೆ 21,000ದ ಮೇಲೆ ಚಿಲ್ಲರೆ. ಇದರ ಮೇಲೆ ಶೇಕಡಾ 3.85 ಎಂದರೆ ಆಳೊಬ್ಬನಿಗೆ ಸುಮಾರು 809 ರೂಪಾಯಿ. ಮೇಲ್ವಿಚಾರಕನ ಸಂಬಳ, ಕಚೇರಿಯ ಖರ್ಚು, ಬಿಲ್ಲು ತಡವಾದರೆ ಸಾಲದ ಬಡ್ಡಿ ಎಲ್ಲವೂ ಅದರಿಂದಲೇ ನಡೆಯಬೇಕು. ಹಾಗಿದ್ದ ಮೇಲೆ ಏನೂ ಬೇಡವೆಂದು ಬಂದವನು ಯಾವುದರಿಂದ ಬದುಕುತ್ತಾನೆ? ಧರ್ಮಛತ್ರ ನಡೆಸಲು ಯಾರೂ ಟೆಂಡರು ಹಾಕುವುದಿಲ್ಲ. ಸರಕಾರದ ಪುಸ್ತಕದಲ್ಲಿ ಬಿಟ್ಟುಕೊಟ್ಟದ್ದನ್ನು ಅವನು ಕೆಲಸಗಾರನ ಜೇಬಿನಲ್ಲಿ ಹುಡುಕುತ್ತಾನೆ. ಕೆಲಸಕ್ಕೆ ಸೇರುವಾಗ ಇಷ್ಟು ಕೊಡು ಎನ್ನುವುದು, ಸಂಬಳ ಬ್ಯಾಂಕಿಗೆ ಬಂದ ಮರುದಿನ ಇಷ್ಟು ನಗದಾಗಿ ಹಿಂದಿರುಗಿಸು ಎನ್ನುವುದು, ಎಂಟು ಗಂಟೆಗೆ ಹನ್ನೆರಡು ಗಂಟೆ ದುಡಿಸುವುದು, ಸಮವಸ್ತ್ರಕ್ಕೆ ಹಣ ಹಿಡಿಯುವುದು, ಪಿ.ಎಫ್. ಕಟ್ಟಿದೆನೆಂದು ಹೇಳಿ ಕಟ್ಟದೆ ಇರುವುದು ಇವೆಲ್ಲ ಅದರ ದಾರಿಗಳು.

ಹಲಗೆಯ ಮೇಲೆ ಬೆಲೆ ಎಲ್ಲರಿಗೂ ಕಾಣುತ್ತದೆ, ನಮ್ಮ ಕೈಸೇರಿದ ಕೂಲಿ ಕಾಣುವುದಿಲ್ಲ. ನಾನು ಈ ಸಭೆಯಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ. ಬೆಲೆಯಷ್ಟೇ ಸ್ಪಷ್ಟವಾಗಿ ಕೂಲಿಯೂ ಕಾಣುವಂತಾಗಬೇಕು. ಹಾಗಾಗುವ ತನಕ ಈ ಪಾರದರ್ಶಕತೆ ಅರ್ಧ ಮಾತ್ರ.

ಮಿಲ್ಲಿನ ಪಾಠ

ಇದು ನಮಗೆ ಹೊಸದಲ್ಲ. ನಿಮ್ಮಲ್ಲಿ ಮಿಲ್ಲಿನಲ್ಲಿ ದುಡಿಯುವವರಿದ್ದೀರಿ, ಮಿಲ್ಲು ಮುಚ್ಚಿದ ಮೇಲೆ ಬೇರೆ ಕೆಲಸ ಹಿಡಿದವರ ಮಕ್ಕಳೂ ಇದ್ದೀರಿ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಒಂದು ಕಾಲಕ್ಕೆ ಕೆಲಸಗಾರರನ್ನು ಒದಗಿಸುತ್ತಿದ್ದವನು ಜಾಬರ. ಬೆಳಗ್ಗೆ ಗೇಟಿನ ಮುಂದೆ ನಿಂತವರಲ್ಲಿ ಯಾರನ್ನು ಒಳಗೆ ಬಿಡಬೇಕೆಂಬುದು ಅವನ ಇಚ್ಛೆ. ಅದಕ್ಕೆ ಅವನಿಗೆ ಸಲ್ಲುವ ಮಾಮೂಲು ಬೇರೆ. 1931ರ ರಾಯಲ್ ಲೇಬರ್ ಕಮಿಷನ್ನಿನ ವರದಿಯಲ್ಲಿ ಈ ಮಾಮೂಲಿನ ವಿಚಾರ ಬಂದಿದೆ. 1935ರಲ್ಲಿ ಬದಲಿ ಕೆಲಸಗಾರರಿಗೆ ಚೀಟಿ ಕೊಟ್ಟು, ಹೆಸರನ್ನು ಪುಸ್ತಕಕ್ಕೆ ಹತ್ತಿಸುವ ಪದ್ಧತಿ ಬಂತು. ಪುಸ್ತಕ ಬಂದಾಗ ಜಾಬರನ ಹಿಡಿತ ಸಡಿಲಾಯಿತು, ಆದರೆ ಒಂದೇ ದಿನಕ್ಕೆ ಹೋಗಲಿಲ್ಲ. ಆ ಪುಸ್ತಕದಲ್ಲಿ ತನ್ನ ಹೆಸರು ಇದೆಯೇ ಎಂದು ಕೇಳುವ ಕೆಲಸಗಾರನೂ, ಅವನ ಬೆನ್ನಿಗೆ ನಿಲ್ಲುವ ಯೂನಿಯನ್ನೂ ಇದ್ದಲ್ಲಿ ಮಾತ್ರ ಅದರಿಂದ ಪ್ರಯೋಜನವಾಯಿತು.

ಇಂದಿನ ಪೋರ್ಟಲೂ ಅಂಥ ಒಂದು ಪುಸ್ತಕವೇ. ಗುತ್ತಿಗೆದಾರ ಎಷ್ಟಕ್ಕೆ ಒಪ್ಪಿದ, ಎಷ್ಟು ಆಳಿಗೆ ಒಪ್ಪಿದ, ಯಾವ ವೇತನವೆಂದು ಬರೆದುಕೊಟ್ಟ ಎಂಬುದು ಅಲ್ಲಿ ದಾಖಲಾಗಿರುತ್ತದೆ. ಹಿಂದೆ ಕಂಟ್ರಾಕ್ಟರನ ಕಪಾಟಿನಲ್ಲಿದ್ದ ಕಾಗದ ಇದು. ಮಾಹಿತಿ ಹಕ್ಕಿನ 2005ರ ಕಾನೂನಿನಂತೆ ಸರಕಾರಿ ಕಚೇರಿಯಿಂದ ಗುತ್ತಿಗೆಯ ಪ್ರತಿಯನ್ನು ಅರ್ಜಿ ಹಾಕಿ ಕೇಳಬಹುದು. ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡತಕ್ಕದ್ದೆಂದು 1970ರ ಗುತ್ತಿಗೆ ಕಾರ್ಮಿಕರ ಕಾನೂನು ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ ಆ ಹೊಣೆಯನ್ನು ಉಳಿಸಿದ್ದಾರೆ. ಹೀಗಿರುವಾಗ ಕಾಗದ ಹಿಡಿದು ಕೇಳುವವನಿಗೆ ಬಲವಿದೆ, ಬಾಯಿಮಾತಿನಲ್ಲಿ ಕೇಳುವವನಿಗೆ ಇಲ್ಲ.

ಹೋಟೆಲಿನವರಿಗೆ ಒಂದು ಮಾತು

ಖಾಸಗಿ ಹೋಟೆಲುಗಳಲ್ಲಿಯೂ ಖರೀದಿಯ ರೀತಿ ಬದಲಾಗುತ್ತಿದೆ. ನಸುಕಿನಲ್ಲೆದ್ದು ಆಜಾದಪುರಕ್ಕೋ ಕೇಶೋಪುರಕ್ಕೋ ಹೋಗಿ ತರಕಾರಿ ಆರಿಸಿ ತರುತ್ತಿದ್ದ ಧಣಿ, ಈಗ ರಾತ್ರಿಯೇ ಫೋನಿನಲ್ಲಿ ಬರೆದು ಮಲಗುತ್ತಾನೆ. ಬೆಳಗ್ಗೆ ಗಾಡಿ ಬಂದು ನಿಲ್ಲುತ್ತದೆ. ಸ್ಟೋರಿನ ಲೆಕ್ಕವೂ ಕಂಪ್ಯೂಟರಿನಲ್ಲಿ. ಇದರಿಂದ ನಮ್ಮ ಕೆಲಸಕ್ಕೆ ಕುತ್ತು ಬಂದೀತೆಂದು ಕೆಲವರು ಹೆದರುತ್ತಾರೆ. ನನ್ನ ಅಭಿಪ್ರಾಯ ಬೇರೆ. ಫೋನಿನಲ್ಲಿ ಉದ್ದಿನಬೇಳೆಯ ಚಿತ್ರ ಕಾಣುತ್ತದೆ, ಆ ಬೇಳೆ ರುಬ್ಬುವಾಗ ಎಷ್ಟು ಒದಗುತ್ತದೆ ಎಂಬುದು ಕಾಣುವುದಿಲ್ಲ. ಹಳೆಯ ಅಕ್ಕಿಯೋ ಹೊಸ ಅಕ್ಕಿಯೋ ಎಂದು ಕೈಯಲ್ಲಿ ಹಿಡಿದು ಹೇಳುವವರು ನೀವು. ಕಿಲೋಗೆ ಎರಡು ರೂಪಾಯಿ ಅಗ್ಗವೆಂದು ತರಿಸಿದ ಬೇಳೆಯಿಂದ ಇಡ್ಲಿ ಕಲ್ಲಾದರೆ ಲಾಭವೆಲ್ಲಿ? ಸರಕಾರಿ ಟೆಂಡರಿರಲಿ, ಧಣಿಯ ಫೋನಿರಲಿ, ಏನು ಬೇಕೆಂದು ಮೊದಲೇ ನಿಖರವಾಗಿ ಬರೆಯದಿದ್ದರೆ ಅಗ್ಗದ ಕಳಪೆ ಮಾಲೇ ಗೆಲ್ಲುತ್ತದೆ. ಹಾಗೆ ಬರೆಯಲು ಬೇಕಾದ ತಿಳಿವಳಿಕೆ ಅಡುಗೆಮನೆಯಲ್ಲಿದೆ. ಅದಕ್ಕೆ ನಾಲ್ಕು ಅಕ್ಷರ, ನಾಲ್ಕು ಅಂಕಿ ಕೂಡಿದರೆ ಅಡುಗೆಯವನೇ ಸ್ಟೋರ್ ಕೀಪರ್ ಆಗಬಲ್ಲ, ಖರೀದಿಯ ಹೊಣೆ ಹೊರಬಲ್ಲ.

ಮುಂದೇನು ಮಾಡಬೇಕು

ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ಹೋಟೆಲ್ ಹುಡುಗರ ಪರಂಪರೆ ನಮ್ಮದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಎಷ್ಟು ಜನರ ಬಾಳನ್ನು ಬೆಳಗಿಸಿದವೆಂದು ನಾನು ಹೇಳಬೇಕಾಗಿಲ್ಲ. ಈಗ ಬೇಕಾದದ್ದು ಅಂಥದೇ ಒಂದು ಏರ್ಪಾಡು. ನನ್ನ ಸೂಚನೆಗಳು ನಾಲ್ಕು.

ಒಂದು: ವಾರಕ್ಕೊಂದು ಸಂಜೆ ಸಂಘದಲ್ಲಿ ಒಂದು ಮೇಜು ಹಾಕೋಣ. ಓದಿದ ನಮ್ಮ ಹುಡುಗ ಹುಡುಗಿಯರು ಕುಳಿತು, ಆಧಾರ್, ಪಾನ್, ಬ್ಯಾಂಕುಗಳಲ್ಲಿ ಹೆಸರು ಒಂದೇ ಆಗುವಂತೆ ತಿದ್ದಿಸಲಿ, ಉದ್ಯಮ್ ನೋಂದಣಿ ಮಾಡಿಸಿಕೊಡಲಿ.

ಎರಡು: ಗುತ್ತಿಗೆಯಲ್ಲಿ ದುಡಿಯುವ ಪ್ರತಿಯೊಬ್ಬನೂ ತನ್ನ ಪಿ.ಎಫ್. ನಂಬರನ್ನೂ ಇ.ಎಸ್.ಐ. ನಂಬರನ್ನೂ ಬರೆದಿಟ್ಟುಕೊಳ್ಳಲಿ. ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನು ಫೋನಿನಲ್ಲಿ ನೋಡಲಿ. ಮೇಲೆ ಹಾಕಿದ ಲೆಕ್ಕದಲ್ಲಿ ಕೆಲಸಗಾರನ ಪಾಲಿನ ಪಿ.ಎಫ್. 1,800, ಇ.ಎಸ್.ಐ. ಸುಮಾರು 139 ಕಳೆದು ಕೈಗೆ 16,500ರಷ್ಟು ಬರಬೇಕು. ಬಾರದಿದ್ದರೆ ಒಬ್ಬನೇ ಹೋಗಿ ಜಗಳವಾಡದೆ ಸಂಘಕ್ಕೆ ತಿಳಿಸಲಿ.

ಮೂರು: ಟೆಂಡರು ಕರೆಯುವ ಕಚೇರಿಗಳಿಗೆ ಸಂಘದಿಂದ ಮನವಿ ಹೋಗಲಿ. ಸಂಬಳ ಬ್ಯಾಂಕಿಗೇ ಬರಬೇಕು, ಪಿ.ಎಫ್. ರಸೀತಿ ತೋರಿಸದೆ ಗುತ್ತಿಗೆದಾರನ ಮುಂದಿನ ಬಿಲ್ಲು ಪಾಸಾಗಬಾರದು, ಕೆಲಸಗಾರರಿಗೆ ಸಲ್ಲಬೇಕಾದ ಕೂಲಿಯ ವಿವರವನ್ನು ಕೆಲಸದ ಜಾಗದಲ್ಲಿ ಹಿಂದಿಯಲ್ಲೂ ಅವರವರಿಗೆ ತಿಳಿಯುವ ಭಾಷೆಯಲ್ಲೂ ಅಂಟಿಸಬೇಕು. ಗುಂಡಿ ಒತ್ತುವ ಮೊದಲೇ ಈ ಷರತ್ತುಗಳು ಟೆಂಡರಿನಲ್ಲಿರಬೇಕು. ಒತ್ತಿದ ಮೇಲೆ ಕೂಗಿದರೆ ಯಂತ್ರಕ್ಕೆ ಕೇಳಿಸುವುದಿಲ್ಲ.

ನಾಲ್ಕು: ನಾವು ಯಾವಾಗಲೂ ಕೊಳ್ಳಲ್ಪಡುವವರೇ ಆಗಿರಬೇಕೆಂದು ಏನಿದೆ? ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಅಲ್ಲಿ ದುಡಿಯುತ್ತಿದ್ದ ಬಡಿಸುವವರೂ ಅಡುಗೆಯವರೂ ಎ. ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಸಹಕಾರಿ ಸಂಘ ಕಟ್ಟಿದರು. ಅಂಥ ಮೊದಲ ಸಂಘ 1957ರ ಆಗಸ್ಟಿನಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಅದೇ ವರ್ಷ ದೆಹಲಿಯಲ್ಲಿಯೂ ಕೆಲಸಗಾರರ ಕಾಫಿ ಹೌಸು ತೆರೆಯಿತು. ಕೆಲಸ ಕಳೆದುಕೊಳ್ಳಬೇಕಾಗಿದ್ದವರು ಅಂಗಡಿಯ ಒಡೆಯರಾದರು. ಹತ್ತಿಪ್ಪತ್ತು ಜನ ಅಡುಗೆಯವರು, ಬಡಿಸುವವರು ಸೇರಿ ಒಂದು ಸಹಕಾರಿ ಸಂಘ ಮಾಡಿ ಒಂದು ಸಣ್ಣ ಕಚೇರಿಯ ಕ್ಯಾಂಟೀನಿಗೆ ನಾವೇ ದರ ಹಾಕಬಾರದೇಕೆ? ಮೊದಲು ಸೋಲಬಹುದು. ಹಿಂದಿನ ವರ್ಷಗಳ ಅನುಭವ ತೋರಿಸು, ಇಷ್ಟು ವಹಿವಾಟು ತೋರಿಸು ಎಂಬ ಷರತ್ತುಗಳು ಅಡ್ಡ ಬರುತ್ತವೆ. ಆದುದರಿಂದ ಸಣ್ಣ ಕೆಲಸದಿಂದ ಆರಂಭಿಸಿ ಲೆಕ್ಕಪತ್ರವನ್ನು ಮೊದಲ ದಿನದಿಂದಲೇ ಚೊಕ್ಕವಾಗಿ ಇಡಬೇಕು. ಚೊಕ್ಕ ಲೆಕ್ಕವೇ ಮುಂದೆ ನಮ್ಮ ಅನುಭವಪತ್ರ.

ಬಂಧುಗಳೆ, ಯಂತ್ರವನ್ನು ಪೂಜಿಸಬೇಕಾಗಿಲ್ಲ, ಶಪಿಸಬೇಕಾಗಿಯೂ ಇಲ್ಲ. ಅದು ಬರೆದದ್ದನ್ನು ನಡೆಸುತ್ತದೆ. ಏನು ಬರೆಯಬೇಕೆಂಬುದು ಮನುಷ್ಯರ ಕೈಯಲ್ಲಿದೆ, ಬರೆಯುವವರ ನಡುವೆ ನಮ್ಮವರೂ ಇರಬೇಕು. ಬರುವ ಭಾನುವಾರ ನಿಮ್ಮ ಕಾಗದಪತ್ರಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಸಂಘಕ್ಕೆ ಬನ್ನಿರಿ. ಕೆಲಸವನ್ನು ಅಲ್ಲಿಂದಲೇ ಆರಂಭಿಸೋಣ.